ಮೀಟಿಂಗಿನ ಪುಟ್ಟ ದುಭಾಷಿ

ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ, ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ನಾನು ಭಾನುವಾರಗಳಂದು ಸ್ಪೋಕನ್ ಇಂಗ್ಲಿಷ್ ಕಲಿಸುತ್ತೇನೆ. ಮೂರೇ ತಿಂಗಳಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತದೆಂದು ಬೋರ್ಡು ಬರೆಸಿದ್ದೇನೆ. ನನಗೆ ಇಪ್ಪತ್ತು ವರ್ಷ ಹಿಡಿಯಿತು ಎಂಬುದಕ್ಕೆ ಬೋರ್ಡಿನಲ್ಲಿ ಜಾಗ ಸಾಲಲಿಲ್ಲ.

ಸೇರುವವರಿಗೊಂದು ಅರ್ಜಿ. ಅದರಲ್ಲಿ ‘ಇಂಗ್ಲಿಷ್ ಏಕೆ ಕಲಿಯಬೇಕು?’ ಎಂಬ ಪ್ರಶ್ನೆ. ‘ಅದು ವಿಶ್ವಭಾಷೆ’ ಎಂದು ಮುಂದಿನ ಬೆಂಚಿನವರು ಬರೆದದ್ದು ಹಿಂದಿನ ಬೆಂಚಿನವರೆಗೂ ಚಾಚೂ ತಪ್ಪದೆ ತಲುಪುತ್ತದೆ. ನಿಜ ಹೊರಬೀಳುವುದು ಟೀ ಕುಡಿಯುವಾಗ. ಟಿ. ನರಸೀಪುರದಿಂದ ಬರುವ ಗೊಬ್ಬರದ ಅಂಗಡಿ ಯಜಮಾನರಿಗೆ ವಿಶ್ವದ ಗೊಡವೆಯೇ ಇಲ್ಲ. ಅಳಿಯನ ಮುಂದೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಬಿಗಿಯಬೇಕು, ಅಷ್ಟೇ. ಅಳಿಯ ಮೈಸೂರಿನಲ್ಲಿ ಕನ್ನಡ ಮೇಷ್ಟ್ರು.

ದೇವನೂರಿನ ಹೆಂಗಸೊಬ್ಬರು ಮಾತ್ರ ಆ ಜಾಗ ಖಾಲಿ ಬಿಟ್ಟಿದ್ದರು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ವಾರಕ್ಕಿದ್ದ ಒಂದೇ ರಜೆಯಲ್ಲಿ, ಮನೆಯಲ್ಲಿ ಓವರ್‌ಟೈಮ್ ಕೆಲಸವಿದೆ ಎಂದು ಸುಳ್ಳು ಹೇಳಿ ಬರುತ್ತಿದ್ದರು. ಯಾಕಮ್ಮ ಎಂದು ಕೇಳಿದೆ.

“ಮಗಳ ಇಸ್ಕೂಲ್ ಮೀಟಿಂಗಲ್ಲಿ ಮಿಸ್ಸು ಬರೀ ಇಂಗ್ಲಿಷೇ ಸಾ. ಮಗಳೇ ನಂಗೆ ಕನ್ನಡದಲ್ಲಿ ಯೋಳ್ತಳೆ. ಅವ್ಳು ಯೋಳೋದೆಲ್ಲ ಬರೀ ಒಗಳ್ಕೆನೇ ಕಣ್ ಸಾ. ನಿಜ ಏನು ಅಂತ ಗೊತ್ತಾಗ್ಬೇಕು ನಂಗೆ.”

ಐದನೇ ಕ್ಲಾಸಿನ ದುಭಾಷಿ! ಕಳ್ಳನ ಕೈಗೇ ಬೀಗದಕೈ ಕೊಟ್ಟಿದ್ದೀರಲ್ಲಮ್ಮ ಎಂದು ನಕ್ಕೆ. ಹುಡುಗಿ ಮಾರ್ಕ್ಸ್ ಮುಚ್ಚಿಡುತ್ತಿದ್ದಾಳೆ ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ. ಉಳಿದವರಿಗೆ ವಿಮಾನ ನಿಲ್ದಾಣದ ಸಂಭಾಷಣೆ ಹೇಳಿಕೊಡುತ್ತಿದ್ದೆ. ನಂಜನಗೂಡಿನಲ್ಲಿ ಅದರ ಅಗತ್ಯ ಅಷ್ಟಿದೆ ನೋಡಿ. ಇವರಿಗೆ ಮಾತ್ರ ಮೇಷ್ಟ್ರುಗಳು ಬೈಯುವ ಇಂಗ್ಲಿಷ್ ಕಲಿಸಿದೆ. ಅದರಲ್ಲಿ ನನಗೆ ಒಳ್ಳೆಯ ಅನುಭವವಿತ್ತು. ಅವರು ಬೇಗ ಕಲಿತರು. ಮೀಟಿಂಗಿನಲ್ಲಿ ಏನೂ ತಿಳಿಯದವರ ಹಾಗೆ ಕೂತು ಮಗಳ ಕಳ್ಳತನ ಹಿಡಿಯಿರಿ ಎಂಬ ಘನವಾದ ಉಪಾಯವೂ ನನ್ನದೇ.

ಮೀಟಿಂಗ್ ಮುಗಿದ ಮರುದಿನ, ಭಾನುವಾರ, ಎಲ್ಲರಿಗಿಂತ ಮೊದಲೇ ಬಂದರು. ಅರ್ಥವಾಯಿತೇನಮ್ಮ ಎಂದೆ, ಗೆದ್ದವನ ಗತ್ತಿನಲ್ಲಿ.

“ಎಲ್ಲಾ ಆಯ್ತು ಸಾ. ಮಾರ್ಕ್ಸ್ ಚೆನ್ನಾಗೇ ಬಂದದೆ. ಆಮೇಲೆ ಮಿಸ್ಸು ಪಕ್ಕದ ಮಿಸ್ಸಿಗೆ ಅಂದ್ರು, ಈ ತಾಯಿಗೆ ಏನೂ ಗೊತ್ತಾಗಲ್ಲ, ಇಂತೋರೆಲ್ಲ ಯಾಕಾರ ಮೀಟಿಂಗಿಗೆ ಬತ್ತಾರೋ ಅಂತ.”

“ಅದನ್ನು ಮಗಳು ಏನೆಂದು ಹೇಳಿದಳು?”

“‘ನೀನು ನನ್ನ ಬಾಳ ಚೆನ್ನಾಗಿ ನೋಡ್ಕತಿಯಂತೆ ಕಣವ್ವ’ ಅಂದ್ಳು ಸಾ. ನನ್ ಕೈ ಇಡ್ಕಂಡಿದ್ಳು.”

ಆ ಮಗುವನ್ನು ಕಳ್ಳಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಮತ್ತೆ ಮೇಷ್ಟ್ರಾದೆ. ಇನ್ನೆರಡು ತಿಂಗಳು ಬನ್ನಿ, ಆ ಮಿಸ್ಸಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವಿರಂತೆ ಎಂದೆ.

“ಬ್ಯಾಡಿ ಸಾ,” ಎಂದು ಅವರು ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟರು. “ನಂಗೆ ಇಂಗ್ಲಿಷ್ ಗೊತ್ತು ಅಂತ ಮಗೀಗೆ ಗೊತ್ತಾಗ್ಬಾರ್ದು.”