ಮೂರು ಹೆಸರಿನ ವಾಷರು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕೈಪಂಪು ಕೂಡಿಸಿ ರಿಪೇರಿ ಮಾಡುವ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸಕ್ಕಿದ್ದೆ. ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ದೊಡ್ಡ ಗೋದಾಮು. ತಿಕೋಟಾ, ಬಬಲೇಶ್ವರಗಳಲ್ಲಿ ಒಂದೊಂದು ಸಣ್ಣ ಕೋಣೆ. ಗೋದಾಮಿನಲ್ಲಿ ಯಾವ ಸಾಮಾನು ಎಷ್ಟಿದೆ ಎಂದು ಕಾರ್ಡಿನಲ್ಲಿ ಬರೆದಿಡುವುದು ನನ್ನ ಕೆಲಸ. ಉಳಿದೆರಡು ಕಡೆ ಅವರವರ ಪುಸ್ತಕ. ಒಬ್ಬರಲ್ಲಿ ಏನಿದೆ ಎಂಬುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನನ್ನ ಕಾರ್ಡುಗಳು ಬಹಳ ಅಚ್ಚುಕಟ್ಟಾಗಿದ್ದವು, ಆ ಜಂಬವೂ ನನಗಿತ್ತು.

ಒಂದು ಬೇಸಿಗೆಯಲ್ಲಿ ತಿಕೋಟಾದ ಮೇಸ್ತ್ರಿ ಚೀಟಿ ಕಳಿಸಿದರು. ಅಲ್ಲಿಗೆ ಸಮೀಪದ ಹಳ್ಳಿಯೊಂದರಲ್ಲಿ ಪಂಪು ನಿಂತಿತ್ತು, 'ತೊಗಲ ಬಟ್ಟಲ' ಬೇಕಾಗಿತ್ತು. ಕಾರ್ಡುಗಳನ್ನೆಲ್ಲ ತಿರುವಿದೆ. ಆ ಹೆಸರಿನದು ಸಿಗಲಿಲ್ಲ. ಸ್ಟಾಕು ಇಲ್ಲ, ತರಿಸುತ್ತೇವೆ ಎಂದು ಬರೆದು, ಸಾಂಗ್ಲಿಯ ಅಂಗಡಿಗೊಂದು ಕಾಗದ ಹಾಕಿ ಸುಮ್ಮನಾದೆ.

ಒಂಬತ್ತನೆಯ ದಿನ ಮೇಸ್ತ್ರಿಯೇ ಬಸ್ಸು ಹತ್ತಿ ಬಂದರು. ಆ ಊರಿನ ಹೆಂಗಸರು ಹಳೆಯ ಬಾವಿಗೆ ಇಳಿದು ನೀರು ತರುತ್ತಿದ್ದರಂತೆ. ಹಿಂದಿನ ದಿನ ಒಬ್ಬಾಕೆ ತುಂಬಿದ ಕೊಡದ ಸಮೇತ ಮೆಟ್ಟಿಲ ಮೇಲಿಂದ ಜಾರಿ ಬಿದ್ದು ತೋಳು ಮುರಿದುಕೊಂಡಿದ್ದಳು. ಹೇಳುತ್ತಲೇ ಅವರು ಕಿಸೆಯಿಂದ ಪುಟ್ಟ ಬಟ್ಟಲಿನ ಆಕಾರದ, ಸವೆದ ತೊಗಲಿನ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟ ಬೇಕಾಗಿತ್ತ ನೋಡ್ರಿ ಬಾಯಾರ."

ನನ್ನ ಕಾರ್ಡಿನಲ್ಲಿ ಅದು 'ಕಪ್ ವಾಷರ್'. ಕುರ್ಚಿಯ ಹಿಂದಿನ ಡಬ್ಬಿಯಲ್ಲಿ ಅಂಥವು ಅರವತ್ತು ಇದ್ದವು. ಡಬ್ಬಿ ತೆರೆದು ತೋರಿಸಿದೆ. ಮೇಸ್ತ್ರಿ ಅದರಿಂದ ಒಂದನ್ನು ತೆಗೆದು ಸವೆದ ತುಂಡಿನ ಪಕ್ಕದಲ್ಲಿಟ್ಟರು. ಬಯ್ದಿದ್ದರೆ ಚೆನ್ನಾಗಿತ್ತು.

ಮುಂದಿನ ಬಸ್ಸಿಗೇ ಇಬ್ಬರೂ ವಾಷರು ತೆಗೆದುಕೊಂಡು ಆ ಹಳ್ಳಿಗೆ ಹೋದೆವು. ಒಂದು ತಾಸಿನಲ್ಲಿ ಪಂಪು ನೀರು ಕೊಟ್ಟಿತು. ನಾನು ತೋಳು ಮುರಿದುಕೊಂಡಾಕೆಯ ಮನೆ ಕೇಳಿಕೊಂಡು ಹೋದೆ. ಹೆಚ್ಚುಕಡಿಮೆ ನನ್ನದೇ ವಯಸ್ಸು; ತೋಳಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ದಬ್ಬೆ ಕಟ್ಟಿದ ತೋಳನ್ನು ಮಡಿಲಿಗೆ ಎಳೆದುಕೊಂಡಳು.

"ಅಲ್ಲೇ ಇತ್ತೇನ್ರಿ, ಅಷ್ಟೂ ದಿನ?"

"ನನ್ನ ಬೆನ್ನ ಹಿಂದನ ಇತ್ತವಾ."

ಆಕೆ ಮುಖ ಆಚೆ ತಿರುಗಿಸಿದಳು. ಆಕೆಯ ಅತ್ತೆ ತಂದುಕೊಟ್ಟ ನೀರನ್ನು ಕುಡಿಯದೆ ಕಟ್ಟೆಯ ಮೇಲಿಟ್ಟು ಎದ್ದೆ.

ಎರಡು ದಿನ ಬಿಟ್ಟು ಬಬಲೇಶ್ವರದ ಕೋಣೆಗೆ ಹೋದೆ. ಅಲ್ಲಿಯೂ ಅದೇ ವಾಷರು ಚೀಲದಲ್ಲಿ ಬಿದ್ದಿತ್ತು. ಪುಸ್ತಕದಲ್ಲಿ ಅದಕ್ಕೆ 'ಚರ್ಮದ ಬಿಲ್ಲೆ' ಎಂದು ಮೂರನೆಯ ಹೆಸರು.

ಆ ಬೇಸಿಗೆಯೆಲ್ಲ ಒಂದೊಂದೇ ಸಾಮಾನನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆದು, ಒಂದೊಂದಕ್ಕೂ ಒಂದೇ ನಂಬರು ಕೊಟ್ಟೆ. ಮೂರೂ ಕಡೆಗೆ ಅದೇ ಪಟ್ಟಿ. ಪ್ರತಿ ಶನಿವಾರ ಎರಡೂ ಊರುಗಳಿಂದ ನಂಬರು ಮತ್ತು ಉಳಿಕೆ ಬರೆದ ಚೀಟಿ ಬಸ್ಸಿನಲ್ಲಿ ಬರಬೇಕು, ನಾನು ಎಲ್ಲವನ್ನೂ ಒಂದೇ ಹಾಳೆಗೆ ಏರಿಸಬೇಕು. ಇಂತಿಷ್ಟಕ್ಕಿಂತ ಕಡಿಮೆಯಾದರೆ ಆಗಲೇ ತರಿಸಬೇಕು. ಈಗ ಕಂಪ್ಯೂಟರಿನಲ್ಲಿ ಮಾಡುವುದೂ ಇದನ್ನೇ ಎಂದು ಕೇಳಿದ್ದೇನೆ.

ಹೆಸರಿರುವ ಸಾಮಾನಿಗೆ ನಂಬರು ಯಾತಕ್ಕೆ ಎಂದು ಮಾಲಕರು ಕೇಳಿದರು. ನಾನು ವಾದ ಮಾಡದೆ ಹಳೆಯ ಪುಸ್ತಕಗಳನ್ನೂ ನನ್ನ ಕಾರ್ಡುಗಳನ್ನೂ ಮುಂದಿಟ್ಟು ಹೊಸ ಪಟ್ಟಿಯೊಂದಿಗೆ ಹೋಲಿಸಿ ತೋರಿಸಿದೆ. ಒಂದು ಕಡೆ 'ಇಲ್ಲ' ಎಂದು ಬರೆದು ಕಳಿಸಿದ ಹನ್ನೊಂದು ಸಾಮಾನು ಅದೇ ದಿನಗಳಲ್ಲಿ ಮತ್ತೊಂದು ಕಡೆ ಬೇರೆ ಹೆಸರಿನಲ್ಲಿ ಇದ್ದವು. ಅವರು ಹನ್ನೊಂದನ್ನೂ ಒಂದೊಂದಾಗಿ ಬೆರಳಿಟ್ಟು ನೋಡಿ ಕನ್ನಡಕ ತೆಗೆದಿಟ್ಟರು. ಆಮೇಲೆ ಪಟ್ಟಿಯನ್ನು ಅಚ್ಚು ಹಾಕಿಸಲು ಹೇಳಿದರು. ಆ ಹನ್ನೊಂದಕ್ಕಾಗಿ ಯಾವ ಊರಿನವರು ಎಷ್ಟು ದಿನ ಕಾದರೋ, ನಾನು ಹುಡುಕಿದರೂ ಎಲ್ಲಿಯೂ ಬರೆದಿರಲಿಲ್ಲ.