ಎಲ್ಲ ಮುಗಿಸಿ ಹೊರಟವನು

ಅಮೆರಿಕದಲ್ಲಿ ಎರಡು ವರ್ಷದ ಪ್ರೋಗ್ರಾಮಿಂಗ್ ಕೆಲಸ ಸಿಕ್ಕಿತ್ತು. ನನಗಿಂತ ಮೊದಲು ಹೋದ ಗೆಳೆಯರಿಗೆಲ್ಲ ಕಂಪನಿಯ ಕಾಗದ ತೋರಿಸಿದೊಡನೆ ವೀಸಾ ಆಗಿತ್ತು. ಆ ವರ್ಷ ನಿಯಮ ಬಿಗಿಯಾದದ್ದು ನನಗೆ ಗೊತ್ತಿರಲಿಲ್ಲ.

ಮುಂಬಯಿಯ ಚೆಂಬೂರಿನಲ್ಲಿ ನಾನು ಪೇಯಿಂಗ್ ಗೆಸ್ಟ್ ಆಗಿದ್ದ ಮನೆಯ ಶಾರದಕ್ಕ ಮಂಗಳೂರು ಕಡೆಯವರು. "ದೂರ ಹೋಗುವವರು ಏನೂ ಬಾಕಿ ಇಟ್ಟು ಹೋಗ್ಬಾರ್ದು ಮಾರಾಯ್ರೆ" ಎಂದಿದ್ದರು. ವೀಸಾ ಖಾತ್ರಿ ಎಂದುಕೊಂಡು ಕೆಲಸಕ್ಕೆ ರಾಜೀನಾಮೆ ಕೊಟ್ಟೆ, ಸ್ಕೂಟರ್ ಮಾರಿದೆ, ವೀಸಾ ಸಂದರ್ಶನದ ದಿನ ಬೆಳಿಗ್ಗೆ ಅವರ ಮನೆಯ ಮಂಚವನ್ನೂ ಬಿಟ್ಟುಕೊಟ್ಟೆ.

ಅಮೆರಿಕದ ವೀಸಾ ಕಚೇರಿಯಲ್ಲಿ ಕಿಟಕಿಯಾಚೆಯ ಅಧಿಕಾರಿ, "ಎರಡು ವರ್ಷದ ನಂತರ ವಾಪಸ್ ಬರಲು ಇಲ್ಲಿ ನಿಮಗೆ ಏನಿದೆ?" ಎಂದು ಕೇಳಿದ.

"ಏನೂ ಬಾಕಿ ಇಟ್ಟಿಲ್ಲ ಸರ್, ಎಲ್ಲ ಮುಗಿಸಿಯೇ ಬಂದಿದ್ದೇನೆ" ಎಂದೆ, ಹೆಮ್ಮೆಯಿಂದ.

"ಹಾಗಾದರೆ ನೀವು ವಾಪಸ್ ಬರುವವರಲ್ಲ." ಪಾಸ್‌ಪೋರ್ಟಿಗೆ ನಿರಾಕರಣೆಯ ಮುದ್ರೆ ಒತ್ತಿ ಹಿಂದಕ್ಕೆ ತಳ್ಳಿದ.

ಕಂಪನಿಯ ಕಾಗದವನ್ನು ಮತ್ತೆ ಕಿಟಕಿಯೊಳಗೆ ತಳ್ಳಲು ಹೋದೆ. ವಾಚ್‌ಮನ್ ತೋಳು ಹಿಡಿದು ಹೊರಗೆ ಬಿಟ್ಟ. ಲೋಕಲ್ ರೈಲು ಹತ್ತಿದ್ದು ಇವತ್ತಿಗೂ ನೆನಪಿಲ್ಲ.

ಬಾಗಿಲು ತೆಗೆದ ಶಾರದಕ್ಕ ತಬ್ಬಿಬ್ಬಾದರು. ನನ್ನ ಮಂಚದ ಮೇಲೆ ಯಾರೋ ಹೊಸಬ ಕಾಲು ಚಾಚಿ ಮಲಗಿದ್ದ.

"ನೀವು ವಾಪಸ್ ಬರ್ತೀರಿ ಅಂತ ಯಾರು ಎಣಿಸಿದ್ದು ಮಾರಾಯ್ರೆ?"

ಆ ಅಧಿಕಾರಿಯೂ ಎಣಿಸಿರಲಿಲ್ಲ. ಅವನನ್ನು ಕರೆತಂದು ತೋರಿಸಬೇಕೆನಿಸಿತು: ನೋಡಪ್ಪ, ಎರಡು ವರ್ಷ ಯಾಕೆ, ಸಂಜೆಯೊಳಗೇ ವಾಪಸ್ ಬಂದಿದ್ದೇನೆ.