ಕೊನೆಯ ಮೇಟಿ

ಹೋದ ವಾರ ಮಗ ಕಳೆ ಕೊಚ್ಚುವ ಯಂತ್ರಕ್ಕೆ ಪೆಟ್ರೋಲ್ ಸುರಿಯುವಾಗ ಒಂದಿಷ್ಟು ಪಕ್ಕದಲ್ಲಿದ್ದ ಭತ್ತದ ಹುಲ್ಲಿನ ಮೇಲೆ ಚೆಲ್ಲಿತು. ಹೊಸ ಹುಲ್ಲು. ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಇದ್ದಲ್ಲೇ ಕೂತುಬಿಟ್ಟೆ. ಸೊಸೆ ಓಡಿಬಂದು ಬಿಪಿ ಮಾತ್ರೆ ತಗೊಂಡಿದ್ದೀರಾ ಅಂತ ಕೇಳಿದಳು. ತಗೊಂಡಿದ್ದೆ. ಈಗಿನವರಿಗೆ ಮುದುಕಿ ಕೂತರೂ ಬಿಪಿ, ಎದ್ದರೂ ಬಿಪಿ.

ನನಗೆ ನೆನಪಾದದ್ದು ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ. ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ, ಕೇರಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಸೊರಬದ ಕಡೆಯ ಜಡೆ ಅನ್ನುವ ಊರಿನಿಂದ ನಾನು ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ನಾನು ಬಾಯಿ ಬಿಟ್ಟರೆ ಸಾಕು, ಈ ಕಡೆಯವರಿಗೆ ನಗು. "ಏ ಜಡೆಯಾಕಿ, ಇನ್ನೊಂದು ಮಾತಾಡು ನೋಡೂಣು," ಅಂತ ದೊಡ್ಡಮ್ಮ ಗೋಡೆಯಾಚೆಯಿಂದ ರೇಗಿಸುತ್ತಿದ್ದರು. ಹಾಗಾಗಿ ನಾನು ಮಾತು ಕಡಿಮೆ ಮಾಡಿದ್ದೆ. ನನ್ನ ಅತ್ತೆಗೆ ಅದು ಬಹಳ ಹಿಡಿಸಿತ್ತು.

ಗಂಡ ಸತ್ತ ಮೇಲೆ ದೊಡ್ಡಮ್ಮನೇ ನಿಂತು ಬೇಸಾಯ ಮಾಡಿಸುತ್ತಿದ್ದರು. ಕೇರಿಯ ಹಿಂದೆ ಎಂಟು ಮನೆಯವರ ಕಣ ಒಂದೇ ಸಾಲಿನಲ್ಲಿತ್ತು. ಅದಕ್ಕೆ ಹೊಂದಿಕೊಂಡು ದನ ನಿಲ್ಲುವ ಬಯಲು. ಒಂದೊಂದು ಕಣದ ನಡುವೆ ಒಂದೊಂದು ಮೇಟಿ, ಅಂದರೆ ತುಳಿಸುವ ಎತ್ತುಗಳನ್ನು ಕಟ್ಟುವ ಗೂಟ, ಆಳೆತ್ತರದ್ದು. ಒಕ್ಕಣೆ ಮುಗಿದು ರಾಶಿ ಮನೆಗೆ ಹೋದ ಮೇಲೇ ಅದನ್ನು ಕೀಳಬೇಕು. ಉಳಿದ ಏಳು ಮನೆಯವರದು ಮುಗಿದು ಕಣ ಬೋಳಾಗಿತ್ತು. ಗಂಡಸಿಲ್ಲದ ಮನೆಗೆ ಎತ್ತು, ಆಳು ಎಲ್ಲ ಸಿಗುವುದು ಕಡೆಗೇ. ದೊಡ್ಡಮ್ಮನ ಮೇಟಿ ಒಂದೇ ನಿಂತಿತ್ತು.

ಅವತ್ತು ರಾಶಿ ಪೂಜೆಯಾಗಿ ಅಳತೆ ಶುರುವಾಗಿತ್ತು. ರಾಶಿ ಅಳೆಯುವಾಗ ಯಾರೂ ಸೊಲ್ಲೆತ್ತಬಾರದು, ಅಡ್ಡ ಬರಬಾರದು. ಎತ್ತಿದರೆ ಹುಲುಸು ಹೋಗುತ್ತದೆ. ಅಳೆಯುವ ಕೊಳಗ ಹಿಡಿದವರು ಮಾತ್ರ ಎಣಿಸಬೇಕು, ಅದೂ ಮೊದಲನೆಯದಕ್ಕೆ ಒಂದು ಅನ್ನದೆ 'ಲಾಭ' ಅನ್ನಬೇಕು. ಹೆಂಗಸು ಕೊಳಗ ಹಿಡಿಯುವುದು ಕೇರಿಯ ಕೆಲವರಿಗೆ ಸರಿಬಂದಿರಲಿಲ್ಲ. ಅದಕ್ಕೇ ದೊಡ್ಡಮ್ಮ ಇನ್ನೂ ಕಟ್ಟುನಿಟ್ಟು, ಒಂದು ತಪ್ಪು ಸಿಗಬಾರದಲ್ಲ ಅವರಿಗೆ. ನಾನು ಮಜ್ಜಿಗೆ ತಂದವಳು ತಲೆ ಮೇಲೆ ಸೆರಗು ಹೊದ್ದು ಒಂದು ಮೂಲೆಯಲ್ಲಿ ನಿಂತಿದ್ದೆ.

ವಿಮಾನ ಕೆರೆಯ ಕಡೆಯಿಂದ ಬಂತು. ಸಣ್ಣದು. ಎರಡು ರೆಕ್ಕೆ ಒಂದರ ಮೇಲೊಂದು, ಕೂತವನ ತಲೆ ಹೊರಗೆ ಕಾಣುತ್ತಿತ್ತು. ಶಬ್ದ ನಿಂತು ನಿಂತು ಬರುತ್ತಿತ್ತು. ಹೆಂಚುಗಳಿಗೆ ತಾಗುವಷ್ಟು ಕೆಳಗೆ ಬಂದು ಒಂದು ಸುತ್ತು ಹಾಕಿತು. ಅದರಲ್ಲಿದ್ದವನು ಒಂದು ತೋಳು ಹೊರಗೆ ಚಾಚಿ ಪಕ್ಕಕ್ಕೆ ಬೀಸಿದ, ಮತ್ತೆ ಮತ್ತೆ.

ಹಿಂದಿನ ಚುನಾವಣೆಯಲ್ಲಿ ಒಂದು ವಿಮಾನ ಹೀಗೇ ಕೆಳಗೆ ಬಂದು ಕರಪತ್ರ ಉದುರಿಸಿ ಹೋಗಿತ್ತಂತೆ, ಗುಲಾಬಿ ಬಣ್ಣದ್ದು. ಎಷ್ಟೋ ಮನೆಗಳಲ್ಲಿ ಅದು ಇನ್ನೂ ಗೋಡೆಗೆ ಅಂಟಿಸಿತ್ತು. ಊರಿಗೆ ಗೊತ್ತಿದ್ದ ವಿಮಾನ ಅದೊಂದೇ. ಹಾಗಾಗಿ ಕೇರಿಗೆ ಕೇರಿಯೇ ಬೋಳು ಕಣಕ್ಕೆ ನುಗ್ಗಿ ಕೈ ಮೇಲೆತ್ತಿ ನಿಂತಿತು. ಅವನು ಕೈ ಬೀಸಿದ, ಇವರೂ ಬೀಸಿದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀಸಿಸಿದರು.

ಅವನಿಗೆ ಅತ್ತ ದರಿ ಇತ್ತ ಪುಲಿ. ಒಂದು ಕಡೆ ತುಂಬಿದ ಕೆರೆ, ಒಂದು ಕಡೆ ಒತ್ತೊತ್ತಾಗಿ ಮನೆ, ಗದ್ದೆಗಳಿಗೆಲ್ಲ ಮೊಣಕಾಲೆತ್ತರ ಬದು. ಇಳಿಯುವಂಥ ಜಾಗ ಊರಲ್ಲಿ ಈ ಕಣದ ಸಾಲು ಮಾತ್ರ. ಅದರ ತುಂಬ ಜನ.

ಎರಡನೇ ಸುತ್ತು. ದೊಡ್ಡಮ್ಮ ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ಕೊಳಗ ತುಂಬಿದರು. "ಹದಿನಾಕು," ಅಂದರು. ಧ್ವನಿ ಅಷ್ಟು ಸರಿಯಿರಲಿಲ್ಲ.

ಮೂರನೇ ಸುತ್ತಿಗೆ ಕೊಳಗ ಬಿಸಾಡಿ ಎದ್ದುನಿಂತರು. "ಸರೀರಿ! ಹಿಂದಕ್ಕ ಸರೀರಿ! ಅಂವ ಬೀಳಾಕ ಹತ್ಯಾನ!" ಅಂತ ಕೂಗಿದರು. ಅಂಥ ಕೂಗು ನಾನು ಆಮೇಲೆ ಯಾವತ್ತೂ ಕೇಳಲಿಲ್ಲ. ಜನ ವಿಮಾನಕ್ಕಿಂತ ಹೆಚ್ಚಾಗಿ ಆ ಕೂಗಿಗೆ ಹೆದರಿ ಚದುರಿದರು. ದೊಡ್ಡಮ್ಮ ಓಡಿಹೋಗಿ ಮೇಟಿಯನ್ನು ತಬ್ಬಿಕೊಂಡು ಅಲ್ಲಾಡಿಸತೊಡಗಿದರು. "ಬರ್ರೋ, ಕೀಳ್ರೋ," ಅಂದರೂ ಆಳುಗಳು ಮುಖ ಮುಖ ನೋಡಿದರು. ರಾಶಿ ಕಣದಲ್ಲಿರುವಾಗ ಮೇಟಿಗೆ ಕೈ ಹಾಕುವುದುಂಟೇ? ಕಡೆಗೆ ಇಬ್ಬರು ಬಂದರು. ಮೇಟಿ ಅರ್ಧ ವಾಲಿತ್ತು... ಅಷ್ಟರಲ್ಲಿ ಶಬ್ದ ಪೂರ್ತಿ ನಿಂತುಹೋಯಿತು. ಮೂವರೂ ನೆಲಕ್ಕೆ ಬಿದ್ದು ಹೊರಳಿದರು.

ಚಕ್ರ ನೆಲ ಮುಟ್ಟಿದ್ದನ್ನು ನಾನು ನೋಡಿದೆ. ಚೆನ್ನಾಗೇ ಮುಟ್ಟಿತು. ಎಡಗಡೆಯ ರೆಕ್ಕೆ ವಾಲಿದ ಮೇಟಿಗೆ ತಾಗಿ, ವಿಮಾನ ಗಿರ್ರನೆ ತಿರುಗಿ ಕೊಟ್ಟಿಗೆಯ ಗೋಡೆಗೆ ಹೋಗಿ ಬಡಿಯಿತು. ಬೆಂಕಿ ಹತ್ತಲಿಲ್ಲ. ಊರಿನವರಲ್ಲಿ ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ.

ಅವನನ್ನು ಎತ್ತಿ ತಂದು ಹುಲ್ಲಿನ ಮೇಲೆ ಮಲಗಿಸಿದರು. ಮೈಯೆಲ್ಲ ಪೆಟ್ರೋಲ್. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ನನ್ನ ಕೈಯಲ್ಲಿದ್ದ ಮಜ್ಜಿಗೆ ಚೊಂಬನ್ನು ಯಾರೋ ಇಸಕೊಂಡರು. ಅವನು ಏನೋ ಎರಡು ಸಲ ಹೇಳಿದ. ಅಲ್ಲಿದ್ದ ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ. ಆಸ್ಪತ್ರೆಗೆ ಅಂತ ಗಾಡಿ ಕಟ್ಟುವುದರೊಳಗೆ ಮುಗಿದುಹೋಯಿತು. ನನಗೆ ಅಳು ಬರಲಿಲ್ಲ. ಮನೆಗೆ ಹೋಗಿ ಅಕ್ಕಿ ಆರಿಸಿದೆ, ಅನ್ನಕ್ಕಿಟ್ಟೆ. ಎಲ್ಲರೂ ಉಂಡರು.

ಮಾತು ಎರಡು ತರಹ ಹಬ್ಬಿತು. ದೊಡ್ಡಮ್ಮ ಕೂಗದಿದ್ದರೆ ಹತ್ತು ಹೆಣ ಬೀಳುತ್ತಿತ್ತು ಅಂತ ಕೆಲವರು. ಕೊಳಗ ಬಿಸಾಡಿ, ರಾಶಿ ಮುಂದೆ ಬಾಯಿ ಬಿಟ್ಟು, ಮೇಟಿಗೆ ಕೈ ಹಾಕಿದ್ದಕ್ಕೇ ಹೀಗಾಯಿತು ಅಂತ ಕೆಲವರು. ಪೆಟ್ರೋಲ್ ಬಿದ್ದ ಹುಲ್ಲನ್ನು ದನ ಮೂಸಲಿಲ್ಲ, ಅದು ಅಲ್ಲೇ ಕೊಳೆಯಿತು. ಮುಂದಿನ ವರ್ಷದಿಂದ ದೊಡ್ಡಮ್ಮನ ಕಣದಲ್ಲಿ ಮೇಟಿ ನೆಡಲಿಲ್ಲ. ಭತ್ತವನ್ನು ಕಲ್ಲಿಗೆ ಬಡಿದು ಉದುರಿಸಿದರು. ಕಾಳು ನಷ್ಟವಾಗುತ್ತದೆ ಅಂದರೆ ಆಗಲಿ ಅನ್ನುತ್ತಿದ್ದರು. ನನ್ನನ್ನು ರೇಗಿಸುವುದನ್ನೂ ಬಿಟ್ಟರು.

ವಿಮಾನ ಬಿದ್ದ ಮೇಲಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆವು, ಇಬ್ಬರೇ. ದೊಡ್ಡಮ್ಮ ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.

"ಮೊದಲ್ನೇ ಸುತ್ತಿಗೇ ನಂಗ ಗೊತ್ತಾಗಿತ್ತವ್ವಾ," ಅಂದರು. "ಗಿರಣಿ ಇಂಜಿನ್ ಕೆಟ್ಟು ನಿಲ್ಲೂ ಮುಂದ ಹಂಗ ಸಪ್ಪಳ ಮಾಡ್ತೈತಿ. ಕೊಳಗ ಕೈಯಾಗಿತ್ತು. ಕೇರಿಯವರ ಬಾಯಿಗೆ ಬೀಳೂದು ಬ್ಯಾಡ ಅಂತ ಎರಡು ಸುತ್ತು ಸುಮ್ನಿದ್ದೆ. ಆಗ್ಲೇ ಕೂಗಿದ್ರ ಮೇಟಿ ಕೀಳಾಕ ಹೊತ್ತಿರ್ತಿತ್ತು. ಊರಾಗ ಯಾರಿಗೂ ಗೊತ್ತಾಗಿದ್ದಿಲ್ಲ, ನನಗೊಬ್ಬಾಕಿಗೇ ಗೊತ್ತಾಗಿತ್ತು. ನಾನೇ ಕೊಂದೆ ಅವನ್ನ."

ಅದು ನಿಜವಲ್ಲ. ಗೊತ್ತಾಗಿದ್ದು ಅವರೊಬ್ಬರಿಗೇ ಅಲ್ಲ.

ನನ್ನ ಅಪ್ಪ ಗಾಡಿ ಹೊಡೆಯುತ್ತಿದ್ದ. ನಮ್ಮ ಕಡೆ ರಸ್ತೆಯೆಲ್ಲ ಏರು, ಇಳಿಜಾರು. ಹೇರು ತುಂಬಿದ ಗಾಡಿ ಇಳಿಜಾರಿನಲ್ಲಿ ಎತ್ತುಗಳ ಕೈ ಮೀರಿದಾಗ, ಕೂಗಿದರೆ ಕೇಳಿಸದು ಅಂತ ಅಪ್ಪ ತೋಳು ಚಾಚಿ ಪಕ್ಕಕ್ಕೆ ಬೀಸುತ್ತಿದ್ದ. ದಾರಿ ಬಿಡಿ ಅಂತ. ಅದೇ ಬೀಸು, ಅದೇ ತೋಳು. ಮೊದಲ ಸುತ್ತಿನಲ್ಲೇ ನನಗೆ ತಿಳಿದಿತ್ತು. ಬಾಯಿ ಬಿಟ್ಟರೆ ನಗುತ್ತಾರೆ, ರಾಶಿ ಮುಂದೆ ಹೊಸ ಸೊಸೆ ಮಾತಾಡಿದಳು ಅಂತ ಅತ್ತೆ ಬೈಯುತ್ತಾರೆ... ನಾನು ಸೆರಗು ಸರಿಮಾಡಿಕೊಂಡು ನಿಂತಿದ್ದೆ. ದೊಡ್ಡಮ್ಮ ಕೊನೆಗಾದರೂ ಕೂಗಿದರು. ನಾನು ಕೂಗಲೇ ಇಲ್ಲ.

ಅವತ್ತು ಹಿತ್ತಿಲಲ್ಲಿ, "ನಂಗೂ ಗೊತ್ತಾಗಿತ್ತು ದೊಡ್ಡಮ್ಮ," ಅನ್ನಬೇಕಿತ್ತು. ಅಷ್ಟೇ ಸಾಕಿತ್ತು. ನಾನು ಅಂದದ್ದು, "ಹೋಗ್ಲಿ ಬಿಡಿ ದೊಡ್ಡಮ್ಮ, ಹಣೆಬರಹ."

ಅವರು ಆಮೇಲೆ ಹದಿನೆಂಟು ವರ್ಷ ಬದುಕಿದ್ದರು. ಪ್ರತಿ ಸುಗ್ಗಿಯಲ್ಲೂ ಆ ಮಾತು ನನ್ನ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರ ನನ್ನ ಹತ್ತಿರ ಬೇಕಾದಷ್ಟಿದೆ. ಕಡೆಯ ದಿನಗಳಲ್ಲಿ ಅವರಿಗೆ ಗಂಜಿ ಕುಡಿಸುತ್ತಿದ್ದವಳೂ ನಾನೇ. "ಅಂವ ಏನಂದ್ನೋ ಏನೋ," ಅಂತ ಒಮ್ಮೆ ನನ್ನ ಮುಖ ನೋಡಿ ಕೇಳಿದರು. ನಾನು ಅವರ ಬಾಯಿ ಒರೆಸಿ, ಬಟ್ಟಲು ತೊಳೆಯಲು ಎದ್ದುಹೋದೆ.

ಈಗ ಆ ಮನೆಯಿಲ್ಲ, ಕಣದ ಮೇಲೆ ಎರಡು ಸಾಲು ಮನೆಗಳಾಗಿವೆ. ಸೊಸೆ ಮಾತ್ರೆ ಡಬ್ಬಿ ಹಿಡಿದು ಇನ್ನೂ ಎದುರಿಗೇ ನಿಂತಿದ್ದಳು, ಯಾಕೆ ಅತ್ತೆ, ಏನು ನೆನಪಾಯಿತು ಅಂತ. ಪಕ್ಕದ ಮನೆಯ ದೊಡ್ಡಮ್ಮ ಅಂತ ಒಬ್ಬರಿದ್ದರು, ಒಳ್ಳೆಯವರು ಅಂದೆ. ಇಬ್ಬರು ಹೊರಬೇಕಾದ್ದನ್ನು ಅವರು ಒಬ್ಬರೇ ಹೊತ್ತುಕೊಂಡು ಹೋದರು. ಹದಿನೆಂಟು ವರ್ಷ ನಾನು ಗೋಡೆಯ ಈಚೆಗೇ ಇದ್ದೆ.